ಅಬ್ದುರ್ ರಜಾಕನ ಸಮುದ್ರಯಾನ

ಗಂಗಾವತಿ ತಾಲೂಕಿನ ಆನೆಗೊಂದಿಯ ಬೆಟ್ಟಗಳನ್ನೂ ಒಳಗೊಂಡಿದ್ದ ವಿಜಯನಗರದ ಕೋಟೆಯನ್ನು ವರ್ಣಿಸಿದ ಅಬ್ದುರ್ ರಜಾಕನನ್ನು ನಮ್ಮವರು ಬಲ್ಲರು. ಆತನು ಕಡಲಿನಲ್ಲಿ ಪಟ್ಟ ಪಾಡನ್ನು ಬಲ್ಲವರು ವಿರಳ. 1413ರಲ್ಲಿ ಹೆರಾತಿನಲ್ಲಿ ಜನಿಸಿದ ಈತನು ಶಾರುಖ್ ದೊರೆಯ ರಾಯಭಾರಿಯಾಗಿ 1442ರಲ್ಲಿ ಹೊರ್ಮುಜಿನಲ್ಲಿ ಹಡಗನ್ನೇರಿದನು. ಹೊರಡುವುದು ತಡವಾಗಿ ಮಾರುತದ ಕಾಲ ಮೀರಿತು, ಮಸ್ಕತ್ತಿನಲ್ಲಿ ಇಳಿಯಬೇಕಾಯಿತು. ಆ ಬೇಗೆಯಲ್ಲಿ ಜ್ವರಕ್ಕೆ ತುತ್ತಾದನು, ಅಣ್ಣನನ್ನೂ ಕಳೆದುಕೊಂಡನು. ಕಲ್ಲಿಕೋಟೆಯಲ್ಲಿ ತಕ್ಕ ಮರ್ಯಾದೆ ದೊರೆಯಲಿಲ್ಲ. ಪ್ರೌಢದೇವರಾಯನ ಕರೆ ಬರಲು, ಮಂಗಳೂರಿನವರೆಗೆ ಸಮುದ್ರಮಾರ್ಗವಾಗಿ ಬಂದು, ಘಟ್ಟವನ್ನೇರಿ 1443ರಲ್ಲಿ ರಾಜಧಾನಿಯನ್ನು ಸೇರಿದನು. ಅರಸನು ವೀಳ್ಯ ಕರ್ಪೂರಗಳನ್ನಿತ್ತು ಮನ್ನಿಸಿದನು. ಆದರೆ ಹೊರ್ಮುಜಿನ ವರ್ತಕರೇ ಇವನು ನಿಜವಾದ ರಾಯಭಾರಿಯಲ್ಲವೆಂದು ಚಾಡಿ ಹೇಳಿದರು. ಸ್ವಜನರ ಹಗೆ ಯಾವ ಕಾಲಕ್ಕೆ ಇಲ್ಲ? ಇಷ್ಟು ಬವಣೆಪಟ್ಟೂ ಈತನು ನಮ್ಮ ಪಟ್ಟಣವನ್ನು ಹೊಗಳುವುದರಲ್ಲಿ ಲೋಭ ತೋರಲಿಲ್ಲವೆಂಬುದನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ. 1444ರಲ್ಲಿ ಹೊನ್ನಾವರದಲ್ಲಿ ಮತ್ತೆ ಹಡಗನ್ನೇರಿ, ಬಿರುಗಾಳಿಗೆ ಸಿಕ್ಕಿ, ಹೇಗೋ ಹೊರ್ಮುಜನ್ನು ಮುಟ್ಟಿದನು. 1482ರಲ್ಲಿ ಹೆರಾತಿನಲ್ಲಿಯೇ ತೀರಿಕೊಂಡನು.