ಕಲ್ಪನಾ (ಚಲನಚಿತ್ರ ನಟಿ)

ಕಲ್ಪನಾ (ಜನನ: 18 ಜುಲೈ 1943, ಮರಣ: 12 ಮೇ 1979) ಕನ್ನಡ ಚಲನಚಿತ್ರರಂಗದ ಹೆಸರಾಂತ ಅಭಿನೇತ್ರಿ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಜನಿಸಿದ ಇವರು 1963ರಿಂದ 1970ರ ದಶಕದ ಕೊನೆಯವರೆಗೆ ಕನ್ನಡ ಚಿತ್ರಗಳಲ್ಲಿ ಅಭಿನಯಿಸಿದರು. ಅಭಿಮಾನಿಗಳು ಇವರನ್ನು 'ಮಿನುಗುತಾರೆ' ಎಂದು ಕರೆದರು. ಈ ಬಿರುದು ಇಂದಿಗೂ ಇವರ ಹೆಸರಿನೊಡನೆ ಸೇರಿಕೊಂಡಿದೆ. 'ಬೆಳ್ಳಿಮೋಡ', 'ಗೆಜ್ಜೆಪೂಜೆ', 'ಶರಪಂಜರ' ಇವರ ಪ್ರಮುಖ ಚಿತ್ರಗಳು. ತ್ರಿವೇಣಿ, ಎಂ. ಕೆ. ಇಂದಿರಾ ಮೊದಲಾದ ಲೇಖಕಿಯರ ಕಾದಂಬರಿಗಳ ನಾಯಕಿಯರು ತೆರೆಯ ಮೇಲೆ ಜೀವ ತಳೆದುದು ಬಹುಮಟ್ಟಿಗೆ ಕಲ್ಪನಾ ಅವರ ಅಭಿನಯದ ಮೂಲಕ. ಕನ್ನಡ ಚಿತ್ರರಂಗದಲ್ಲಿ ಇವರಿಗೆ ಪ್ರತ್ಯೇಕ ಸ್ಥಾನ ದೊರೆತಿರುವುದು ಮುಖ್ಯವಾಗಿ ಈ ಕಾರಣದಿಂದ.

ಜನನ ಮತ್ತು ಚಿತ್ರರಂಗ ಪ್ರವೇಶ

ಕಲ್ಪನಾ ಅವರ ಮೊದಲ ಹೆಸರು ಶರತ್ ಲತಾ. ತಂದೆ ಕೃಷ್ಣಮೂರ್ತಿ, ತಾಯಿ ಜಾನಕಮ್ಮ. ಆ ಕಾಲದಲ್ಲಿ ಕನ್ನಡ ಚಿತ್ರಗಳ ನಿರ್ಮಾಣ ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ ನಡೆಯುತ್ತಿತ್ತು. ಚಿತ್ರದಲ್ಲಿ ಅಭಿನಯಿಸಬೇಕೆಂದು ಬಯಸಿದ ಕನ್ನಡಿಗರು ಊರು ಬಿಟ್ಟು ಅಲ್ಲಿಗೆ ಹೋಗಬೇಕಾಗಿತ್ತು. ಕರಾವಳಿಯ ಈ ತರುಣಿ ಹಿಡಿದುದೂ ಅದೇ ದಾರಿಯನ್ನು. 1963ರಲ್ಲಿ ಬಿ. ಆರ್. ಪಂತುಲು ಅವರ ನಿರ್ದೇಶನದಲ್ಲಿ ತೆರೆಕಂಡ 'ಸಾಕು ಮಗಳು' ಇವರ ಮೊದಲ ಚಿತ್ರ. ಡಾ. ರಾಜಕುಮಾರ್ ಈ ಚಿತ್ರದ ನಾಯಕರಾಗಿದ್ದರು. ಮರುವರ್ಷ ಎನ್. ಲಕ್ಷ್ಮೀನಾರಾಯಣ್ ಅವರ 'ನಾಂದಿ'ಯಲ್ಲಿಯೂ ಕಲ್ಪನಾ ಕಾಣಿಸಿಕೊಂಡರು. 1966ರಲ್ಲಿ ತೆರೆಕಂಡ ತಮಿಳು ಹಾಸ್ಯಚಿತ್ರ 'ಮದ್ರಾಸ್ ಟು ಪಾಂಡಿಚ್ಚೇರಿ'ಯಲ್ಲಿ ನಾಯಕಿಯಾದರು. ಆದರೂ ಪ್ರೇಕ್ಷಕರು ಇವರನ್ನು ಹೆಸರು ಹಿಡಿದು ಗುರುತಿಸುವಂತಾಗಲು 1967ರವರೆಗೆ ಕಾಯಬೇಕಾಯಿತು.

ಬೆಳ್ಳಿಮೋಡ

1967ರಲ್ಲಿ ಬಿಡುಗಡೆಯಾದ 'ಬೆಳ್ಳಿಮೋಡ' ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಚಿತ್ರ. ನಿರ್ದೇಶಕರು ಎಸ್. ಆರ್. ಪುಟ್ಟಣ್ಣ ಕಣಗಾಲ್. ಮನುಷ್ಯರ ಮನಸ್ಸಿನ ತೊಡಕುಗಳನ್ನು ಕಾದಂಬರಿಯ ವಸ್ತುವನ್ನಾಗಿ ಮಾಡಿಕೊಂಡ ತ್ರಿವೇಣಿ 1963ರಲ್ಲಿಯೇ ತೀರಿಕೊಂಡಿದ್ದರು. ತಮ್ಮ ಕೃತಿ ಚಲನಚಿತ್ರವಾದುದನ್ನು ನೋಡುವ ಅವಕಾಶ ಅವರಿಗೆ ದೊರೆಯಲಿಲ್ಲ.

ಚಿತ್ರದ ನಾಯಕಿ ಇಂದಿರಾ ಮಲೆನಾಡಿನ ಸಿರಿವಂತ ತೋಟದ ಮಾಲೀಕರ ಒಬ್ಬಳೇ ಮಗಳು. ಆಕೆಗೆ ಮೋಹನನೊಡನೆ ವಿವಾಹ ನಿಶ್ಚಯವಾಗುತ್ತದೆ. ಅವನ ವಿದೇಶ ವ್ಯಾಸಂಗಕ್ಕೆ ಇಂದಿರೆಯ ತಂದೆಯೇ ನೆರವಾಗುತ್ತಾರೆ. ಇಷ್ಟರಲ್ಲಿ ಇಂದಿರೆಗೆ ತಮ್ಮನೊಬ್ಬ ಹುಟ್ಟುತ್ತಾನೆ. ಆಸ್ತಿ ತನ್ನ ಕೈಸೇರದೆಂದು ತಿಳಿದ ಮೋಹನ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಅವನು ಗಾಯಗೊಂಡು ಮಲಗಿದಾಗ ಇಂದಿರಾ ಅವನ ಶುಶ್ರೂಷೆ ಮಾಡುತ್ತಾಳೆ. ಪಶ್ಚಾತ್ತಾಪಪಟ್ಟ ಮೋಹನ ಮತ್ತೆ ವಿವಾಹವನ್ನು ಬಯಸಿದಾಗ ಮಾತ್ರ ಆಕೆ ಒಪ್ಪುವುದಿಲ್ಲ. ಚಿತ್ರದ ಕೊನೆಯಲ್ಲಿ ನಾಯಕಿಗೆ ಮದುವೆಯಾಗಲೇಬೇಕು ಎಂಬ ರೂಢಿ ಬಲವಾಗಿದ್ದ ದಿನಗಳಲ್ಲಿ ಈ ನಿರಾಕರಣೆ ಹೊಸದಾಗಿ ಕಂಡಿತು. ಕರುಣೆ ಮತ್ತು ಸ್ವಾಭಿಮಾನ ಒಂದೇ ಹೆಣ್ಣಿನಲ್ಲಿ ಜೊತೆಯಾಗಿ ಇರಬಲ್ಲವು ಎಂಬುದನ್ನು ಕಲ್ಪನಾ ತಮ್ಮ ಅಭಿನಯದಿಂದ ನಂಬಿಸಿದರು. ಮೋಹನನ ಪಾತ್ರವನ್ನು ಕಲ್ಯಾಣ್ ಕುಮಾರ್ ವಹಿಸಿದ್ದರು. ಈ ಚಿತ್ರದ ಅಭಿನಯಕ್ಕಾಗಿ ಕಲ್ಪನಾ ಅವರಿಗೆ ರಾಜ್ಯ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿ ಸಂದಿತು.

ಕಾದಂಬರಿ ಆಧಾರಿತ ಇತರ ಚಿತ್ರಗಳು

'ಬೆಳ್ಳಿಮೋಡ'ದ ಬಳಿಕ ಕಾದಂಬರಿಗಳನ್ನು ಆಧರಿಸಿದ ಚಿತ್ರಗಳಲ್ಲಿ ಕಲ್ಪನಾ ಅವರಿಗೆ ಒಂದರ ಹಿಂದೊಂದು ಉತ್ತಮ ಪಾತ್ರಗಳು ದೊರೆತವು. 1968ರ 'ಹಣ್ಣೆಲೆ ಚಿಗುರಿದಾಗ' ಕೂಡ ತ್ರಿವೇಣಿಯವರ ಕಾದಂಬರಿಯೇ. ಎಂ. ಆರ್. ವಿಠಲ್ ನಿರ್ದೇಶಿಸಿದ ಈ ಚಿತ್ರ ವಿಧವಾ ವಿವಾಹವನ್ನು ಕುರಿತದ್ದು. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಾಗಿ ಅಭಿನಯಿಸಿದ ಕಲ್ಪನಾ ಅವರಿಗೆ ಎರಡನೆಯ ಬಾರಿಗೆ ರಾಜ್ಯ ಪ್ರಶಸ್ತಿ ಬಂದಿತು. ಚದುರಂಗರು ತಮ್ಮ ಕಾದಂಬರಿಯನ್ನು ತಾವೇ ನಿರ್ದೇಶಿಸಿದ 'ಸರ್ವಮಂಗಳಾ' (1968), ಅವರದೇ ಕಾದಂಬರಿಯಿಂದ ಎನ್. ಲಕ್ಷ್ಮೀನಾರಾಯಣ್ ರೂಪಿಸಿದ 'ಉಯ್ಯಾಲೆ' (1969) ಇವುಗಳಲ್ಲಿಯೂ ಕಲ್ಪನಾ ಅವರೇ ನಾಯಕಿ. 'ಉಯ್ಯಾಲೆ'ಯಲ್ಲಿ ಅವರದು ಪುಸ್ತಕಗಳಲ್ಲಿಯೇ ಮುಳುಗಿರುವ ಪತಿಯ ಮನೆಯಲ್ಲಿ ಒಂಟಿತನ ಅನುಭವಿಸುವ ಗೃಹಿಣಿಯ ಪಾತ್ರ. ಹೊರಗಿನ ಘಟನೆಗಳು ಕಡಿಮೆಯಿರುವ ಇಂತಹ ಪಾತ್ರದಲ್ಲಿ ಒಳಗಿನ ತಳಮಳವನ್ನು ಮುಖಭಾವದಿಂದಲೇ ತಿಳಿಸಬೇಕಾಗುತ್ತದೆ.

ಪುಟ್ಟಣ್ಣ ಕಣಗಾಲರ 'ಕಪ್ಪು ಬಿಳುಪು' (1969) ಚಿತ್ರದಲ್ಲಿ ಕಲ್ಪನಾ ದ್ವಿಪಾತ್ರ ವಹಿಸಿದರು. ಇದರ ಮೂಲ ಕಾದಂಬರಿ ತ್ರಿವೇಣಿಯವರ ಸೋದರಿ ಆರ್ಯಾಂಬ ಪಟ್ಟಾಭಿ ಅವರದು.

ಗೆಜ್ಜೆಪೂಜೆ

ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ 'ಗೆಜ್ಜೆಪೂಜೆ' (1969) ಪುಟ್ಟಣ್ಣ ಮತ್ತು ಕಲ್ಪನಾ ಜೋಡಿಗೆ ದೊಡ್ಡ ಕೀರ್ತಿ ತಂದಿತು. ವೇಶ್ಯಾವೃತ್ತಿಯ ಮನೆತನದಲ್ಲಿ ಹುಟ್ಟಿದ ಹೆಣ್ಣುಮಕ್ಕಳನ್ನು ಅದೇ ವೃತ್ತಿಗೆ ಸೇರಿಸುವಾಗ ನಡೆಸುತ್ತಿದ್ದ ವಿಧಿಗೆ ಗೆಜ್ಜೆಪೂಜೆ ಎಂದು ಹೆಸರು. ಚಿತ್ರದ ನಾಯಕಿ ಚಂದ್ರಾ ಓದಿ, ಮದುವೆಯಾಗಿ, ಎಲ್ಲರಂತೆ ಸಂಸಾರ ನಡೆಸಬೇಕೆಂದು ಹಂಬಲಿಸುತ್ತಾಳೆ. ಸಮಾಜ ಆಕೆಯ ಗುಣವನ್ನು ನೋಡದೆ ಹುಟ್ಟನ್ನು ಮಾತ್ರ ನೋಡುತ್ತದೆ. ಕಥೆ ದುರಂತದಲ್ಲಿ ಮುಗಿಯುತ್ತದೆ. ಲೀಲಾವತಿ, ಪಂಢರೀಬಾಯಿ, ಗಂಗಾಧರ್ ಮುಂತಾದವರು ಇತರ ಮುಖ್ಯ ಪಾತ್ರಗಳಲ್ಲಿದ್ದರು. ಈ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿಯೂ, ಚಿತ್ರಕಥೆಗಾಗಿ ಪುಟ್ಟಣ್ಣ ಅವರಿಗೆ ರಾಷ್ಟ್ರ ಪ್ರಶಸ್ತಿಯೂ ದೊರೆತವು. 1970ರಲ್ಲಿ ಇದೇ ನಿರ್ದೇಶಕರ 'ಕರುಳಿನ ಕರೆ'ಯಲ್ಲಿ ಕಲ್ಪನಾ ಅವರು ರಾಜಕುಮಾರ್ ಅವರೊಡನೆ ಅಭಿನಯಿಸಿದರು.

ಶರಪಂಜರ

ಕಲ್ಪನಾ ಅವರ ಅಭಿನಯದ ಶಿಖರವೆಂದು ಸಾಮಾನ್ಯವಾಗಿ ಹೇಳಲಾಗುವ ಚಿತ್ರ 'ಶರಪಂಜರ' (1971). ಇದರ ಮೂಲವೂ ತ್ರಿವೇಣಿಯವರ ಕಾದಂಬರಿ. ಪ್ರೀತಿಸಿ ಮದುವೆಯಾದ ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಸ್ತಿಮಿತ ತಪ್ಪುತ್ತದೆ. ಆಸ್ಪತ್ರೆಯ ಚಿಕಿತ್ಸೆಯಿಂದ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಕಥೆಯ ತಿರುಳು ಇರುವುದು ಅನಂತರದ ಭಾಗದಲ್ಲಿ. ಕಾಯಿಲೆ ವಾಸಿಯಾದರೂ ಸುತ್ತಲಿನವರ ದೃಷ್ಟಿಯಲ್ಲಿ ಆಕೆ ಹುಚ್ಚಿಯಾಗಿಯೇ ಉಳಿಯುತ್ತಾಳೆ. ನಕ್ಕರೂ, ಕೋಪಿಸಿಕೊಂಡರೂ, ಚೆನ್ನಾಗಿ ಉಡುಗೆ ತೊಟ್ಟರೂ ಜನರಿಗೆ ಸಂಶಯ. ಪತಿಯೂ ದೂರವಾಗುತ್ತಾನೆ. ಕೊನೆಗೆ ಕಾವೇರಿಯ ಮನಸ್ಸು ಮತ್ತೆ ಕುಸಿದು ಆಕೆ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ.

ಮಾನಸಿಕ ಅಸ್ವಸ್ಥತೆಯನ್ನು ಮನೆಗಳಲ್ಲಿ ಮುಚ್ಚಿಡುತ್ತಿದ್ದ ಕಾಲದಲ್ಲಿ ಈ ಚಿತ್ರವನ್ನು ಜನ ಕುಟುಂಬ ಸಮೇತರಾಗಿ ನೋಡಿದರು. ರೋಗಿಯ ಬಗೆಗೆ ಕನಿಕರ ತೋರುವುದರಲ್ಲಿ ಚಿತ್ರ ನಿಲ್ಲಲಿಲ್ಲ. ಗುಣಹೊಂದಿದವರನ್ನು ಬದುಕಲು ಬಿಡದ ಸಮಾಜವನ್ನೂ ಪ್ರಶ್ನಿಸಿತು. 'ಶರಪಂಜರ' ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆಯಿತು. ಕಲ್ಪನಾ ಅವರಿಗೆ ಶ್ರೇಷ್ಠ ನಟಿಯೆಂಬ ರಾಜ್ಯ ಪ್ರಶಸ್ತಿ ಮೂರನೆಯ ಬಾರಿಗೆ ಲಭಿಸಿತು.

ಅನಂತರದ ಚಿತ್ರಗಳು

'ಶರಪಂಜರ'ದ ತರುವಾಯ ಪುಟ್ಟಣ್ಣ ಅವರ ಚಿತ್ರಗಳಲ್ಲಿ ಜಯಂತಿ, ಆರತಿ ಮೊದಲಾದವರು ನಾಯಕಿಯರಾದರು. ಕಲ್ಪನಾ ಅವರಿಗೆ ಇತರ ನಿರ್ದೇಶಕರ ಚಿತ್ರಗಳಲ್ಲಿ ಅವಕಾಶಗಳು ಮುಂದುವರಿದವು. 1973ರ 'ಗಂಧದ ಗುಡಿ'ಯಲ್ಲಿ ರಾಜಕುಮಾರ್ ಅವರಿಗೆ ನಾಯಕಿಯಾದರು. ದೊರೆ-ಭಗವಾನ್ ನಿರ್ದೇಶನದ 'ಎರಡು ಕನಸು' (1974) ವಾಣಿ ಅವರ ಕಾದಂಬರಿ. ಹಳೆಯ ಪ್ರೇಮವನ್ನು ಮರೆಯಲಾಗದ ಪತಿಯ ಮನಸ್ಸನ್ನು ತಾಳ್ಮೆಯಿಂದ ಗೆಲ್ಲುವ ಪತ್ನಿಯ ಪಾತ್ರವನ್ನು ಇದರಲ್ಲಿ ಅವರು ನಿರ್ವಹಿಸಿದರು. 'ದಾರಿ ತಪ್ಪಿದ ಮಗ' (1975) ಮತ್ತು ಭಾರತೀಸುತರ ಕಾದಂಬರಿಯನ್ನು ಆಧರಿಸಿ ಅನಂತನಾಗ್ ನಾಯಕರಾಗಿದ್ದ 'ಬಯಲು ದಾರಿ' (1976) ಈ ಅವಧಿಯ ಇತರ ಚಿತ್ರಗಳು.

ಅಭಿನಯ ಶೈಲಿ ಮತ್ತು ಪ್ರಭಾವ

ದೊಡ್ಡ ಕಣ್ಣುಗಳು, ಏರಿಳಿತಗಳಿಂದ ಕೂಡಿದ ಧ್ವನಿ ಮತ್ತು ಸ್ಪಷ್ಟ ಕನ್ನಡ ಉಚ್ಚಾರಣೆ ಕಲ್ಪನಾ ಅವರ ಅಭಿನಯದ ವಿಶೇಷತೆಗಳು. ಭಾವೋದ್ವೇಗದ ಸನ್ನಿವೇಶಗಳಲ್ಲಿ ಅವರು ಹಿಡಿತ ಬಿಟ್ಟು ಅಭಿನಯಿಸುತ್ತಾರೆಂಬ ಆಕ್ಷೇಪವೂ ಇತ್ತು. ಆದರೆ 'ಬೆಳ್ಳಿಮೋಡ' ಮತ್ತು 'ಉಯ್ಯಾಲೆ'ಗಳನ್ನು ನೋಡಿದವರಿಗೆ ಸಂಯಮದ ಅಭಿನಯವೂ ಅವರಿಗೆ ಸಿದ್ಧಿಸಿತ್ತೆಂಬುದು ತಿಳಿಯುತ್ತದೆ. ಅವರ ಸೀರೆ, ರವಿಕೆ, ಕೇಶಾಲಂಕಾರಗಳನ್ನು ಅಂದಿನ ಕಾಲೇಜು ವಿದ್ಯಾರ್ಥಿನಿಯರು ಅನುಕರಿಸುತ್ತಿದ್ದರು. ಕಾದಂಬರಿಗಳನ್ನು ಓದುತ್ತಿದ್ದ ಮಹಿಳೆಯರು ಚಿತ್ರಮಂದಿರಕ್ಕೆ ಬರುವಂತಾದುದರಲ್ಲಿ ಅವರ ಪಾಲು ದೊಡ್ಡದು.

ರಂಗಭೂಮಿ ಮತ್ತು ನಿಧನ

1970ರ ದಶಕದ ಕೊನೆಯ ವೇಳೆಗೆ ಚಿತ್ರಗಳಲ್ಲಿ ಅವಕಾಶಗಳು ವಿರಳವಾದವು. ನಾಯಕಿಯನ್ನೇ ಕೇಂದ್ರವಾಗಿಟ್ಟುಕೊಂಡ ಚಿತ್ರಗಳು ಎಂದಿಗೂ ಹೆಚ್ಚಾಗಿರಲಿಲ್ಲ. ಮೂವತ್ತು ದಾಟಿದ ನಟಿಗೆ ಅಂತಹ ಪಾತ್ರ ಸಿಗುವುದು ಇನ್ನೂ ಕಷ್ಟವಾಗಿತ್ತು. ಈ ಹಂತದಲ್ಲಿ ಕಲ್ಪನಾ ವೃತ್ತಿ ರಂಗಭೂಮಿಯ ಕಡೆಗೆ ತಿರುಗಿದರು. ಗುಡಗೇರಿ ಬಸವರಾಜ್ ಅವರ ನಾಟಕ ಕಂಪನಿಯ ನಾಟಕಗಳಲ್ಲಿ ಪಾತ್ರ ವಹಿಸಿ ಉತ್ತರ ಕರ್ನಾಟಕದ ಊರುಗಳಲ್ಲಿ ಸಂಚರಿಸಿದರು. ಊರಿಂದೂರಿಗೆ ಕ್ಯಾಂಪ್ ಬದಲಿಸುತ್ತ ಪ್ರದರ್ಶನ ನೀಡುವ ಕಂಪನಿ ನಾಟಕದ ಬದುಕು ಸ್ಟುಡಿಯೋದ ಕೆಲಸಕ್ಕಿಂತ ತೀರ ಬೇರೆಯಾದದ್ದು.

ಈ ಸಂಚಾರದ ದಿನಗಳಲ್ಲಿಯೇ, 1979ರ ಮೇ 12ರಂದು, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಸಮೀಪದ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಕಲ್ಪನಾ ನಿಧನರಾದರು. ಅವರಿಗೆ 36 ವರ್ಷ ತುಂಬಲು ಇನ್ನೂ ಎರಡು ತಿಂಗಳುಗಳಿದ್ದವು. ಅವರದು ಆತ್ಮಹತ್ಯೆ ಎಂದು ಹೇಳಲಾಯಿತು. ಇದನ್ನು ಕುರಿತು ಹಬ್ಬಿದ ವದಂತಿಗಳಲ್ಲಿ ಕೆಲವು ಅವರು ಅಭಿನಯಿಸಿದ ಚಿತ್ರಗಳ ಕಥೆಯನ್ನೇ ಅವರ ಬದುಕಿಗೆ ಹೊಂದಿಸಿದಂತಹವು. ಕಾವೇರಿ, ಚಂದ್ರಾ ಇವರು ಲೇಖಕಿಯರ ಸೃಷ್ಟಿಗಳು. ಆ ಪಾತ್ರಗಳ ದುಃಖವನ್ನು ಜನ ಇಷ್ಟು ಕಾಲ ನಿಜವೆಂದೇ ನಂಬಿರುವುದು ಕಲ್ಪನಾ ಅವರ ಕಲೆಯ ಬಲವನ್ನು ತೋರಿಸುತ್ತದೆ. ಅದರಿಂದ ಅವರ ಜೀವನವನ್ನು ಅಳೆಯಲಾಗದು.

ಸ್ಮರಣೆ

ಕಲ್ಪನಾ ಅವರ ಜೀವನದಿಂದ ಪ್ರೇರಿತವಾದ 'ಅಭಿನೇತ್ರಿ' ಎಂಬ ಚಿತ್ರ 2015ರಲ್ಲಿ ತೆರೆಕಂಡಿತು. ಪೂಜಾ ಗಾಂಧಿ ಇದರ ನಾಯಕಿ. ಕನ್ನಡ ಕಾದಂಬರಿ ಮತ್ತು ಚಲನಚಿತ್ರಗಳ ಸಂಬಂಧವನ್ನು ಅಭ್ಯಸಿಸುವವರಿಗೆ 'ಬೆಳ್ಳಿಮೋಡ', 'ಹಣ್ಣೆಲೆ ಚಿಗುರಿದಾಗ', 'ಗೆಜ್ಜೆಪೂಜೆ', 'ಶರಪಂಜರ' ಇಂದಿಗೂ ಮುಖ್ಯ ಆಕರಗಳಾಗಿವೆ. ಈ ನಾಲ್ಕರ ನಾಯಕಿಯೂ ಕಲ್ಪನಾ ಅವರೇ.