ಪಂಡಿತಾ ರಮಾಬಾಯಿ

ಹಿಂದೆ ಬೇರೊಂದು ಊರಿನಲ್ಲಿ ಓದುತ್ತಿದ್ದಾಗ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಗೆಳತಿಯೊಬ್ಬಳು ವರ್ಷದ ನಡುವೆಯೇ ಓದು ಬಿಟ್ಟಳು. ಒಂದು ಸಂಜೆ ಪ್ರಯೋಗಶಾಲೆಯಲ್ಲಿ ಒಬ್ಬನಿಂದ ಆಕೆಗೆ ಆಗಬಾರದ್ದು ಆಗಿತ್ತು. ಹೇಳಿಕೊಳ್ಳಲು ಹೋದರೆ, ಅಷ್ಟು ಹೊತ್ತಿನ ತನಕ ಅವಳು ಅಲ್ಲಿದ್ದುದೇಕೆ ಎಂಬುದೇ ಹಿರಿಯರ ಮೊದಲ ಪ್ರಶ್ನೆಯಾಯಿತು. ಅವನು ಪರೀಕ್ಷೆಗೆ ಕುಳಿತ, ಅವಳು ಕೂಡಲಿಲ್ಲ. ಜೊತೆಗೆ ಹೋಗಿದ್ದ ನಾನು ಬಾಯಿ ತೆರೆಯಲಿಲ್ಲ. ಈ ವರ್ಷ ನಮ್ಮ ಗ್ರಂಥಾಲಯದಲ್ಲಿ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಓದುವಾಗ ಆ ದಿನವು ಮತ್ತೆ ಮತ್ತೆ ನೆನಪಿಗೆ ಬಂದಿತು. ಆದುದರಿಂದಲೇ ಈ ಬರೆಹ.

ರಮಾಬಾಯಿಯವರು ಜನಿಸಿದ್ದು 1858ರ ಏಪ್ರಿಲ್ 23ರಂದು, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಪಂಡಿತರ ವಿರೋಧವನ್ನು ಕಟ್ಟಿಕೊಂಡವರು. ತಾಯಿಯಿಂದ ಮಗಳು ಕಲಿತಳು. ಊರೂರು ಸುತ್ತಿ ಪುರಾಣ ಓದುತ್ತಿದ್ದ ಈ ಕುಟುಂಬವನ್ನು ಬರಗಾಲವು ಹಿಡಿಯಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣನೊಡನೆ ಕಾಲ್ನಡೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದ ಆಕೆಗೆ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಮದುವೆ, ಮಗು, ಎರಡು ವರ್ಷದೊಳಗೇ ವೈಧವ್ಯ.

1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಅವರು ಹೇಳಿದ ಮಾತುಗಳನ್ನು ನಮ್ಮ ಅಧ್ಯಾಪಕ ವರ್ಗದವರು ಒಮ್ಮೆ ಓದಿ ನೋಡಬೇಕು. ಹೆಣ್ಣುಮಕ್ಕಳ ಶಾಲೆಗೆ ಹೆಂಗಸರೇ ಉಪಾಧ್ಯಾಯಿನಿಯರಾಗಿರಬೇಕು, ತನಿಖಾಧಿಕಾರಿಗಳೂ ಹೆಂಗಸರೇ ಆಗಬೇಕು, ಹೆಣ್ಣು ವೈದ್ಯರು ಬೇಕು ಎಂದು ಅವರು ಕೇಳಿದರು. ಓದಿದ ಗಂಡಸರೇ ಹೆಣ್ಣಿನ ಸಾಸಿವೆಯಷ್ಟು ತಪ್ಪನ್ನು ಬೆಟ್ಟ ಮಾಡಿ ಆಕೆಯ ನಡತೆಗೆ ಮಸಿ ಬಳಿಯಲು ನೋಡುತ್ತಾರೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ, ನಮ್ಮ ಎಂ.ಎ. ವಿದ್ಯಾರ್ಥಿನಿಯರ ವಯಸ್ಸು!

ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತಮತವನ್ನು ಸ್ವೀಕರಿಸಿದ್ದು, ಅಮೆರಿಕದ ಪ್ರವಾಸ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನ, ಮತಾಂತರದ ಗುಮಾನಿಯಿಂದ 1893ರಲ್ಲಿ ಅನೇಕರು ತಮ್ಮ ಹುಡುಗಿಯರನ್ನು ಅಲ್ಲಿಂದ ಬಿಡಿಸಿಕೊಂಡು ಹೋದದ್ದು ಇವೆಲ್ಲ ಬಲ್ಲವರಿಗೆ ತಿಳಿದಿರುವ ಸಂಗತಿಗಳೇ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು 1897ನೆಯ ಇಸವಿ.

ಮಧ್ಯಪ್ರಾಂತದಲ್ಲಿ ಆಗ ಘೋರ ಕ್ಷಾಮ. ಹಸಿದ ಹುಡುಗಿಯರಿಗೆ ಅನ್ನ ಕೊಡಬೇಕಾದ ಪರಿಹಾರ ಶಿಬಿರಗಳಲ್ಲಿಯೇ ಅವರ ಮಾನಕ್ಕೆ ರಕ್ಷಣೆಯಿಲ್ಲವೆಂಬುದನ್ನು ರಮಾಬಾಯಿಯವರು ಹೋಗಿ ಕಣ್ಣಾರೆ ಕಂಡರು. ಬರದ ಹಸಿವನ್ನು ತಾವೇ ಉಂಡಿದ್ದವರು, ಬರಿಗೈಯಲ್ಲಿ ಹಿಂತಿರುಗಲಿಲ್ಲ. ನೂರಾರು ಹುಡುಗಿಯರನ್ನು ಕರೆತಂದು ಕೇಡಗಾಂವದ ಹೊಲದಲ್ಲಿ ನೆಲೆ ಮಾಡಿಕೊಟ್ಟರು. ಅದೇ ಮುಂದೆ ಮುಕ್ತಿ ಸದನವಾಯಿತು.

ಅದೇ ಕಾಲಕ್ಕೆ ಪುಣೆಯಲ್ಲಿ ಪ್ಲೇಗು. ಸದನದಿಂದ ಪ್ಲೇಗಿನ ಆಸ್ಪತ್ರೆಗೆ ಸೇರಿಸಿದ್ದ ಒಬ್ಬ ಹುಡುಗಿ ಅಲ್ಲಿನ ವ್ಯವಸ್ಥೆಯಲ್ಲಿ ಕಾವಲಿಗಿದ್ದವನ ಕೈಗೇ ಸಿಕ್ಕಿಬಿದ್ದಳೆಂದು ರಮಾಬಾಯಿಯವರಿಗೆ ತಿಳಿಯಿತು. ಸದನದ ಹೆಸರು ಕೆಡುವುದೆಂದು ಅವರು ಸುಮ್ಮನಿರಬಹುದಾಗಿತ್ತು. ಮೊದಲೇ ಪುಣೆಯ ಅರ್ಧ ಊರು ಅವರಿಗೆ ವಿರೋಧಿ. ಹಾಗೆ ಮಾಡದೆ ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಬಹಿರಂಗವಾಗಿ ಬರೆದರು. ಹುಡುಗಿಯ ನಡತೆಯನ್ನು ಅವರು ಪ್ರಶ್ನಿಸಲಿಲ್ಲ, ಕಾಯಬೇಕಾದ ಸರ್ಕಾರವನ್ನು ಪ್ರಶ್ನಿಸಿದರು. ವಿಷಯವು ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಗವರ್ನರ್ ಸ್ಯಾಂಡ್‌ಹರ್ಸ್ಟ್ ಆರೋಪವು ಸತ್ಯಕ್ಕೆ ದೂರವೆಂದು ತಳ್ಳಿಹಾಕಿದರು. ದೊಡ್ಡವರ ಉತ್ತರ ಅಂದಿಗೂ ಹಾಗೆಯೇ ಇತ್ತು ನೋಡಿ!

ಮುಕ್ತಿಯಲ್ಲಿ ಮುಂದೆ ಕೃಪಾ ಸದನವೆಂಬ ಇನ್ನೊಂದು ಮನೆಯೂ ಎದ್ದಿತು. ಕೆಟ್ಟವರೆಂದು ಲೋಕವು ಹೊರದೂಡಿದ ಹೆಂಗಸರಿಗೆ ಅಲ್ಲಿ ಊಟ, ಕಸಬು, ಅಕ್ಷರ ದೊರೆಯಿತು. ಅವರ ಧರ್ಮಪ್ರಚಾರದ ವಿಚಾರದಲ್ಲಿ ನನಗೂ ಭಿನ್ನಾಭಿಪ್ರಾಯವುಂಟು. ಆದರೆ ಈ ಮನೆಯನ್ನು ಕಟ್ಟಿದ ಕೈಗೆ ನಾನು ತಲೆಬಾಗುತ್ತೇನೆ. ನಮ್ಮ ಗುಲ್ಬರ್ಗದಲ್ಲಿಯೂ 1912ರಲ್ಲಿ ಅವರು ಶಾಲೆಯೊಂದನ್ನು ತೆರೆದರು. ಮಗಳು ಮನೋರಮೆ 1921ರಲ್ಲಿ ತೀರಿಕೊಂಡರು. ಮರುವರ್ಷ ಏಪ್ರಿಲ್ 5ರಂದು ತಾಯಿಯೂ ಹೋದರು.

ಲೈಂಗಿಕ ಕಿರುಕುಳವನ್ನು ತಡೆಯಲು 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಶಾಖಾ ತೀರ್ಪಿನಲ್ಲಿ ನಿಯಮಗಳನ್ನಿತ್ತಿತು; 2013ರಲ್ಲಿ ಕಾಯಿದೆ ಬಂದಿತು. ಅದರಂತೆ ಆಂತರಿಕ ಸಮಿತಿಗೆ ಹಿರಿಯ ಮಹಿಳೆಯೇ ಅಧ್ಯಕ್ಷೆ, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಹೊರಗಿನವರೊಬ್ಬರು. ದೂರು ಕೊಡಲು ಸಾಮಾನ್ಯವಾಗಿ ಮೂರು ತಿಂಗಳ ಅವಧಿ, ವಿಚಾರಣೆ ಮುಗಿಸಲು 90 ದಿನ. 1882ರಲ್ಲಿ ರಮಾಬಾಯಿಯವರು ಹೆಣ್ಣು ತನಿಖಾಧಿಕಾರಿಗಳನ್ನು ಕೇಳಿದ್ದು ಇದಕ್ಕೆ 131 ವರ್ಷ ಮುಂಚೆ. ಸಮಿತಿಯ ಹೆಸರುಗಳುಳ್ಳ ಫಲಕವನ್ನು ಎದ್ದು ಕಾಣುವಲ್ಲಿ ಹಾಕಬೇಕೆಂಬುದೂ ನಿಯಮ. ಆ ಊರಿನಲ್ಲಿ ಅಂಥ ಫಲಕವನ್ನು ನಾನು ಕಂಡಿರಲಿಲ್ಲ. ಇದೆಯೇ ಎಂದು ಕೇಳಿಯೂ ಇರಲಿಲ್ಲ.

ಗೆಳತಿ ಈಗ ಮನೆಯಲ್ಲಿಯೇ ಓದಿ ಪರೀಕ್ಷೆಗೆ ಕಟ್ಟಿದ್ದಾಳೆ. ಈ ಸಂಚಿಕೆಯ ಒಂದು ಪ್ರತಿಯನ್ನು ಅವಳಿಗೆ ಅಂಚೆಯಲ್ಲಿ ಕಳುಹಿಸುವೆನು.