ಹಾಲಿನ ಸರಪಳಿ ಮತ್ತು ನಮ್ಮ ಶಾಹೂ ಮಹಾರಾಜರು



ಹಾಲಿನ ದಾರಿಯನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಎಮ್ಮಿ ಹಿಂಡೂದು, ಕ್ಯಾನು ಹಿಡಿದು ಡೇರಿಗೆ ಹೋಗೂದು, ಅಲ್ಲಿ ಫ್ಯಾಟ್ ನೋಡೂದು. ಮುಂದೆ ಹಾಲು ತಂಪು ಮಾಡುವ ಕೇಂದ್ರ, ಟ್ಯಾಂಕರು, ಪಾಕೀಟು, ಕಡೀಕ ಮುಂಬಯಿಯ ಚಹಾದಂಗಡಿ. ಇದಕ್ಕೆ ಈಗ ಪೂರೈಕೆ ಸರಪಳಿ ಅಂತಾರ. ಎಲ್ಲಿ ತಡವಾದರೂ ಹಾಲು ಒಡೀತದ. ಆದರೆ ಬಿಸಿಲಿಗೆ ಒಡೆಯುವುದಕ್ಕಿಂತ ಮೊದಲೇ, ಮುಟ್ಟಿದ ಕೈ ಯಾವ ಜಾತಿಯದು ಎಂದು ಕೇಳಿಯೇ ಹಾಲು ಕೆಡಿಸುತ್ತಿದ್ದ ಕಾಲ ಒಂದಿತ್ತು. ಆ ಕಾಲದೊಳಗ ನಮ್ಮ ಪರವಾಗಿ ನಿಂತವರು ರಾಜರ್ಷಿ ಶಾಹೂ ಮಹಾರಾಜರು.

ಅವರು 1874ರ ಜೂನ್ 26ರಂದು ನಮ್ಮ ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿದರು. ಹುಟ್ಟಿದಾಗಿನ ಹೆಸರು ಯಶವಂತರಾವ್. ತಾಯಿ ರಾಧಾಬಾಯಿ ಮುಧೋಳದ ರಾಜಮನೆತನದ ಮಗಳು; ಅಂದರೆ ಕನ್ನಡ ಸೀಮೆಯ ಬಳ್ಳಿ ಅವರಿಗೂ ಇತ್ತು ನೋಡ್ರಿ. 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತು ಹೋದರು. 1894ರಲ್ಲಿ ಅಧಿಕಾರ ಕೈಗೆ ಬಂತು.

ಮಹಾರಾಜರು ಪೇಟೆಯನ್ನು ಬಲ್ಲವರು. ಬೆಲ್ಲದ ವ್ಯಾಪಾರಕ್ಕೆ ಶಾಹುಪುರಿ ಪೇಟೆ ಕಟ್ಟಿಸಿದರು. 1906ರಲ್ಲಿ ನೂಲಿನ ಗಿರಣಿಗೆ ಅಡಿಪಾಯ ಹಾಕಿದರು. ಭೋಗಾವತಿ ನದಿಗೆ ರಾಧಾನಗರಿ ಅಣೆಕಟ್ಟಿನ ಕೆಲಸ ಶುರು ಮಾಡಿಸಿದರು. ನೀರು ಬಂದರೆ ಕಬ್ಬು, ಕಬ್ಬಿದ್ದರೆ ದನಕ್ಕೆ ಸೋಗೆ, ಸೋಗೆ ತಿಂದರೆ ಎಮ್ಮಿಗೆ ಹಾಲು. ಇಂದಿನ ನಮ್ಮ ಹಾಲಿನ ಬೇರು ಆ ನೀರಿನಲ್ಲಿದೆ. ಕುಸ್ತಿ ಅಂದರೆ ಅವರಿಗೆ ಪ್ರಾಣ. ಖಾಸಬಾಗ ಮೈದಾನ ಕಟ್ಟಿಸಿದವರೂ ಅವರೇ. ಕೊಲ್ಹಾಪುರದ ಗಂಗಾವೇಸದ ಹಾಲಿನ ಕಟ್ಟೆಯಲ್ಲಿ ಗಿರಾಕಿಯ ಕಣ್ಣೆದುರಿಗೇ ಎಮ್ಮಿ ಹಿಂಡಿ ನೊರೆಹಾಲು ಕೊಡುವುದನ್ನು ನೀವು ನೋಡಿರಬಹುದು. ನಡುವೆ ದಲ್ಲಾಳಿ ಇಲ್ಲ, ಟ್ಯಾಂಕರಿಲ್ಲ. ಅದಕ್ಕಿಂತ ಗಿಡ್ಡ ಸರಪಳಿ ಇನ್ನೊಂದಿಲ್ಲ.

ಆದರೆ ಎಷ್ಟು ಗಿಡ್ಡ ಇದ್ದರೇನು, ಕೊಳ್ಳುವವನು ಕೈ ಮುಂದೆ ಮಾಡದಿದ್ದರೆ ಮಾರುವವನ ಗತಿಯೇನು? ಈ ಪ್ರಶ್ನೆ ಗಂಗಾರಾಮ ಕಾಂಬಳೆಯವರ ಬದುಕಿನಲ್ಲಿ ಬಂತು. ಅರಮನೆಯ ಲಾಯದಲ್ಲಿ ಚಾಕರಿಗಿದ್ದ ಅವರು ಮೇಲ್ಜಾತಿಯವರ ನೀರಿನ ತೊಟ್ಟಿ ಮುಟ್ಟಿದರೆಂದು ಜೊತೆಯ ಚಾಕರರೇ ಹೊಡೆದರು. ಊರಿಗೆ ಮರಳಿದ ಮಹಾರಾಜರು ಹೊಡೆದವರಿಗೆ ಶಿಕ್ಷೆ ಕೊಟ್ಟರು. ಶಿಕ್ಷೆಯಿಂದ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಗಂಗಾರಾಮರಿಗೆ ಸ್ವಂತ ಧಂದೆಗೆ ನೆರವಾದರು. ಕೊಲ್ಹಾಪುರದ ಭಾವುಸಿಂಗಜಿ ರಸ್ತೆಯಲ್ಲಿ ಸತ್ಯಸುಧಾರಕ ಎಂಬ ಚಹಾದಂಗಡಿ ತೆರೆಯಿತು.

ಒಲೆ ಹೊತ್ತಿತ್ತು, ಹಾಲು ಕಾದಿತ್ತು, ಚಹಾ ಚೊಕ್ಕ ಇತ್ತು. ಮೇಲ್ಜಾತಿಯ ಗಿರಾಕಿ ಮಾತ್ರ ಹಾಯಲಿಲ್ಲ. ಸುದ್ದಿ ತಿಳಿದ ಮಹಾರಾಜರು ಡಂಗುರ ಸಾರಿಸಲಿಲ್ಲ. ಗಾಡಿಯನ್ನು ಆ ಅಂಗಡಿ ಮುಂದೆ ನಿಲ್ಲಿಸಿ, ಎಲ್ಲರೆದುರು ಚಹಾ ತರಿಸಿಕೊಂಡು ಕುಡಿದರು. ಜೊತೆಗಿದ್ದವರಿಗೂ ಕುಡಿಸಿದರು. ರಾಜನೇ ಕುಡಿದ ಮೇಲೆ ಉಳಿದವರು ಯಾವ ಬಾಯಿಂದ ಬೇಡ ಅನ್ನಬೇಕು? ಮುಂದೆ ಅಂಗಡಿಗೆ ಸೋಡಾ ಮಷೀನನ್ನೂ ಕೊಡಿಸಿದರು. ದಾನ ಕೊಟ್ಟಿದ್ದರೆ ಒಂದು ದಿನದ ಊಟ ಆಗುತ್ತಿತ್ತು. ಗಿರಾಕಿಯಾಗಿ ಬಂದದ್ದರಿಂದ ಅಂಗಡಿ ನಿಂತಿತು.

ಇದೇ ಮಾತನ್ನು ಅವರು ಕಾಯ್ದೆಯಲ್ಲೂ ಹಿಡಿದರು. 1902ರ ಜುಲೈ 26ರ ಆಜ್ಞೆಯಿಂದ ಸಂಸ್ಥಾನದ ಖಾಲಿ ನೌಕರಿಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ ಮೀಸಲಾದವು. 1919ರಲ್ಲಿ ಅಸ್ಪೃಶ್ಯ ಮಕ್ಕಳ ಪ್ರತ್ಯೇಕ ಶಾಲೆ ಮುಚ್ಚಿಸಿ, ಎಲ್ಲರನ್ನೂ ಒಂದೇ ಶಾಲೆಯಲ್ಲಿ ಕೂಡಿಸಿದರು. 1920ರ ಮಾರ್ಚ್‌ನಲ್ಲಿ, ಆಗ ಕಾಗಲ ಜಹಗೀರಿಗೆ ಸೇರಿದ್ದ ಮಾಣಗಾವಿನ ಪರಿಷತ್ತಿಗೆ ಬಂದು, ಅಧ್ಯಕ್ಷತೆ ವಹಿಸಿದ್ದ ಬಾಬಾಸಾಹೇಬರನ್ನು ನಮ್ಮ ಜನರ ನಾಯಕರೆಂದು ತುಂಬಿದ ಸಭೆಗೆ ತೋರಿಸಿಕೊಟ್ಟರು. 1922ರ ಮೇ 6ರಂದು ಮುಂಬಯಿಯಲ್ಲಿ ತೀರಿಕೊಂಡಾಗ ವಯಸ್ಸು 47.

ಈಗ ನಮ್ಮ ಕಾಲಕ್ಕೆ ಬರೋಣ. 1963ರಲ್ಲಿ ಗೋಕುಳ ಎಂದು ನಾವು ಕರೆಯುವ ಜಿಲ್ಲಾ ಸಹಕಾರಿ ಹಾಲು ಸಂಘ ಹುಟ್ಟಿತು. ಫ್ಯಾಟ್ ನೋಡುವ ಮಷೀನು ಜಾತಿ ಕೇಳುವುದಿಲ್ಲ. ಎಲ್ಲರ ಹಾಲೂ ಒಂದೇ ಟ್ಯಾಂಕರಿನಲ್ಲಿ ಕೂಡುತ್ತದೆ. ಇದು ಸಣ್ಣ ಮಾತಲ್ಲ. ಆದರೆ ಹಾಲಿನ ಉದ್ಯಮದಲ್ಲಿ ಹಲವು ಕಡೆ ಖರ್ಚು ಕಡಿಮೆ ಮಾಡಲು ಸಾಗಾಣಿಕೆ, ಕ್ಯಾನು ಏರಿಸಿ ಇಳಿಸುವುದು, ತೊಳೆಯುವುದು ಮುಂತಾದ ಕೆಲಸ ಹೊರಗುತ್ತಿಗೆಗೆ ಹೋಗುತ್ತವೆ. ಹಾಲು ಹಾಕುವ ಸದಸ್ಯನಿಗೆ ದರದ ಫರಕು ಸಿಗುತ್ತದೆ, ಮತ ಇರುತ್ತದೆ. ಗುತ್ತಿಗೆಯವನ ಕೈಕೆಳಗೆ ಕ್ಯಾನು ಹೊರುವವನಿಗೆ ಕೂಲಿಯಷ್ಟೇ. ಹೊಲ ಇಲ್ಲದವನಿಗೆ ಮೇವು ಕೊಂಡು ಎಮ್ಮಿ ಸಾಕುವುದೂ ಹಗುರಲ್ಲ.

ಆದ್ದರಿಂದ ತಮ್ಮಂದಿರೇ, ಈ ಸರಪಳಿಯಲ್ಲಿ ನಾವು ಎಲ್ಲಿದ್ದೇವೆ ಅಂತ ಲೆಕ್ಕ ಹಾಕ್ರಿ. ಒಂದೇ ಎಮ್ಮಿ ಇರಲಿ, ಸಂಘದ ಸದಸ್ಯತ್ವ ಮನೆಯ ಹೆಣ್ಣುಮಗಳ ಹೆಸರಿಗೂ ಮಾಡಿಸ್ರಿ. ನಾಲ್ಕು ಜನ ಕೂಡಿ ಗಾಡಿ ತಗೊಂಡು ಸಾಗಾಣಿಕೆಯ ಟೆಂಡರು ನೀವೇ ಹಾಕ್ರಿ. ಫ್ಯಾಟ್ ನೋಡುವ ಕೆಲಸ, ಲೆಕ್ಕ ಬರೆಯುವ ಕೆಲಸ ಕಲೀರಿ. ನಮ್ಮವನೊಬ್ಬ ಅಂಗಡಿ ತೆರೆದರೆ ಮೊದಲ ಗಿರಾಕಿ ನೀವಾಗ್ರಿ, ಉದ್ರಿ ಹೇಳದೆ ರೊಕ್ಕ ಕೊಟ್ಟು ಕುಡೀರಿ. ಮಹಾರಾಜರ ಫೋಟೋಕ್ಕೆ ಹಾರ ಹಾಕುವುದಕ್ಕಿಂತ ಅದು ದೊಡ್ಡ ಜಯಂತಿ.